ಸಣ್ಣ ಸತ್ಯದ ಋಣ

ಸತ್ಯವನ್ನು ಗೌರವಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಗೌರವಿಸುವುದು ದೊಡ್ಡ ಸತ್ಯವನ್ನು. ಆತ್ಮವೆಂದರೇನು, ಧರ್ಮವೆಂದರೇನು ಎಂಬ ವಿಚಾರಕ್ಕೆ ಸಭೆ ಸೇರುತ್ತದೆ. ಮಾತನಾಡಿದವರಿಗೆ ಶಾಲು ಹೊದಿಸುತ್ತಾರೆ. ಒಂದು ಹಳೆಯ ಯಂತ್ರದ ಮೈಮೇಲೆ ಬರೆದಿದ್ದ ಅಂಕಿ 5519ಓ 5520ಓ ಎಂದು ವರ್ಷಗಟ್ಟಲೆ ಹುಡುಕುವವನಿಗೆ ಯಾರೂ ಶಾಲು ಹೊದಿಸುವುದಿಲ್ಲ, “ಇವನಿಗೆ ಬೇರೆ ಕೆಲಸವಿಲ್ಲವೆ?” ಎನ್ನುತ್ತಾರೆ. ಆ ಮಾತಿನಲ್ಲಿ ತಿರಸ್ಕಾರವಿದ್ದರೂ ನ್ಯಾಯವಾದ ಒಂದು ಪ್ರಶ್ನೆಯೂ ಅಡಗಿದೆ. ಯಾರಿಗೂ ಬೇಡದ ಸಣ್ಣ ಸತ್ಯಕ್ಕಾಗಿ ಮನುಷ್ಯ ತನ್ನ ಆಯುಷ್ಯವನ್ನೂ ಹಣವನ್ನೂ ವ್ಯಯಮಾಡುವುದು ಕರ್ತವ್ಯವೊ, ಬರಿಯ ಚಟವೊ?

ಈ ಪ್ರಶ್ನೆ ನನಗೆ ಕೇವಲ ತರ್ಕದ ಪ್ರಶ್ನೆಯಲ್ಲ. ಚಳ್ಳಕೆರೆಯಲ್ಲಿ ಮೇಷ್ಟರ ಕೆಲಸ ಮಾಡಿ ನಿವೃತ್ತನಾದ ನಾನು ಕೆಲವು ವರ್ಷಗಳಿಂದ ಒಂದು ಪುಸ್ತಕವನ್ನು ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ವಿಮಾನವಾಹಕ ನೌಕೆಗಳ ಮೇಲಿಂದ ಹಾರುತ್ತಿದ್ದ ಜೋಡಿರೆಕ್ಕೆಯ ಕಾಳಗದ ವಿಮಾನಗಳು ಅದರ ವಸ್ತು. ನಮ್ಮದು ಕಡಲೆಕಾಯಿಯ ಊರು, ಎಣ್ಣೆ ಗಿರಣಿಯ ಊರು, ಕುರಿ ಕಂಬಳಿಯ ಊರು. ಇಡೀ ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಕೆರೆಗೆ ನೀರು ಬಂದರೆ ಹಬ್ಬ ಮಾಡುವ ಜನಕ್ಕೆ ಸಮುದ್ರದ ಮೇಲಿನ ವಿಮಾನದ ಕತೆ ಏಕೆ? ನನ್ನ ಹಳೆಯ ಶಿಷ್ಯನೊಬ್ಬ, ಈಗ ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವವನು, ಮರ್ಯಾದೆ ಬಿಡದೆ ಕೇಳಿದ: “ಸಾರ್, ಆ ವಿಮಾನ ಈಗ ಹಾರಾಡ್ತಾವಾ?” ಇಲ್ಲವಪ್ಪ ಎಂದೆ. “ಮತ್ತೆ ಹಾರಾಡ್ತಾವಾ?” ಇಲ್ಲ ಎಂದೆ. ಅವನು ಮುಂದೆ ಏನೂ ಕೇಳಲಿಲ್ಲ. ಕೇಳದೆ ಬಿಟ್ಟ ಆ ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ.

ಮೊದಲು ವಸ್ತುವಿನ ಪರಿಚಯವನ್ನು ಓದುಗರಿಗೆ ಮಾಡಿಕೊಡಬೇಕು. ಆ ಕಾಲದ ಎಂಜಿನುಗಳಿಗೆ ಶಕ್ತಿ ಸಾಲದು. ಹಡಗಿನ ಅಟ್ಟದಂಥ ಗಿಡ್ಡ ಜಾಗದಿಂದ, ಕಡಮೆ ವೇಗದಲ್ಲಿಯೇ, ವಿಮಾನ ಮೇಲೇಳಬೇಕಾದರೆ ರೆಕ್ಕೆಯ ಹರವು ಹೆಚ್ಚಬೇಕು. ಅದನ್ನು ಉದ್ದಕ್ಕೆ ಬೆಳೆಸಿದರೆ ಭಾರ ತಡೆಯದು, ಹಡಗಿನ ಹೊಟ್ಟೆಯಲ್ಲಿಯೂ ಹಿಡಿಯದು. ಆದ್ದರಿಂದ ಒಂದರ ಮೇಲೊಂದು ಎರಡು ರೆಕ್ಕೆ. ನಡುವೆ ಊರೆಗಂಬಿಗಳು, ಬಿಗಿದ ತಂತಿಗಳು. ಮೇಲೆ ಅಗಸೆನಾರಿನ ಬಟ್ಟೆ, ಅದು ಬಿಗಿಯಾಗಲು ಬಳಿದ ಒಂದು ಬಗೆಯ ಮೆರುಗೆಣ್ಣೆ. ಇಂಗ್ಲೆಂಡಿನ ಫೇರಿ ಫ್ಲೈಕ್ಯಾಚರ್ 1923ರಿಂದ 1934ರ ವರೆಗೆ ನೌಕಾಸೇವೆಯಲ್ಲಿತ್ತು. ಆಮೇಲೆ ಹಾಕರ್ ನಿಮ್ರಾಡ್ ಬಂದಿತು. ಅಮೆರಿಕದಲ್ಲಿ ಗ್ರಮ್ಮನ್ ಕಂಪೆನಿಯವರು ಒಂದಾದ ಮೇಲೊಂದು ಇಂಥ ವಿಮಾನಗಳನ್ನು ಮಾಡಿದರು. ಜಪಾನಿನಲ್ಲಿ ನಕಜಿಮ ಕಂಪೆನಿಯವರೂ ಮಾಡಿದರು. ಕೊನೆಯದಾಗಿ ಇಂಗ್ಲೆಂಡಿನ ಸೀ ಗ್ಲ್ಯಾಡಿಯೇಟರ್. ಗ್ಲ್ಯಾಡಿಯೇಟರಿನ ಮೂಲ ಮಾದರಿ ಮೊದಲು ಹಾರಿದ್ದು 1934ರ ಸೆಪ್ಟೆಂಬರಿನಲ್ಲಿ. ಅದನ್ನು ಹಳತು ಮಾಡಿದ ಒಂಟಿರೆಕ್ಕೆಯ ಹರಿಕೇನ್ ಹಾರಿದ್ದು 1935ರ ನವೆಂಬರಿನಲ್ಲಿ. ಹದಿನಾಲ್ಕು ತಿಂಗಳ ಅಂತರ! ಹುಟ್ಟುತ್ತಲೇ ಮುದಿಯಾದ ಕೂಸು ಅದು.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಹಿರಿಯರೊಬ್ಬರಿಗೆ ಒಮ್ಮೆ ಈ ಬಟ್ಟೆಯ ರೆಕ್ಕೆಯ ವಿಷಯ ಹೇಳಿದೆ. ಉಳಿದವರೆಲ್ಲ “ಬಟ್ಟೆಯ ರೆಕ್ಕೆಯೆ!” ಎಂದು ನಕ್ಕರೆ, ಅವರು ಮಾತ್ರ, “ಅಂಗುಲಕ್ಕೆ ಎಷ್ಟು ಎಳೆ?” ಎಂದು ಕೇಳಿದರು. ಸಣ್ಣ ಸತ್ಯದ ರುಚಿ ಬಲ್ಲವರು ಅವರು. ಒಂದು ಎಳೆ ತಪ್ಪಿದರೆ ಸೆರಗಿನ ನವಿಲಿಗೆ ಕತ್ತು ಕೊಂಕುತ್ತದೆ ಎಂಬುದನ್ನು ಕೈಯಿಂದ ತಿಳಿದವರು. ಕಸುಬುದಾರನಿಗೆ ನಿಖರತೆಯೆಂಬುದು ಅಲಂಕಾರವಲ್ಲ, ಕಸುಬಿನ ಪ್ರಾಣ.

ಇಂಥ ಪುಸ್ತಕಗಳು ಹೇಗೆ ಹುಟ್ಟುತ್ತವೆಂಬುದನ್ನೂ ಹೇಳಬೇಕು. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ದಳಗಳ ದಿನಚರಿಗಳಿವೆ, ಚಾಲಕರ ಮನೆಗಳ ಪೆಟ್ಟಿಗೆಗಳಲ್ಲಿ ಹಾರಾಟದ ಲೆಕ್ಕದ ಪುಸ್ತಕಗಳಿವೆ, ಮಾಸಿದ ಫೋಟೋಗಳಿವೆ. ಇವನ್ನು ಒಂದರ ಪಕ್ಕದಲ್ಲೊಂದಿಟ್ಟು ತಾಳೆ ನೋಡಬೇಕು. ಫೋಟೋವನ್ನು ಕೂಡ ಹಾಗೆಯೇ ನಂಬುವಂತಿಲ್ಲ. ಆ ಕಾಲದ ಒಂದು ಬಗೆಯ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಅದು ಚಿತ್ರದಲ್ಲಿ ಕಪ್ಪಾಗಿ ಬೀಳುತ್ತಿತ್ತು. ಅದನ್ನು ಅರಿಯದವನು ಕೆಂಪನ್ನು ಕಪ್ಪೆಂದು ಬರೆಯುತ್ತಾನೆ; ಅವನನ್ನು ನಂಬಿದ ಹತ್ತು ಮಂದಿ ಹಾಗೆಯೇ ಬರೆಯುತ್ತಾರೆ. ಬಣ್ಣದಲ್ಲೇನಿದೆ ಎನ್ನಬಹುದು. ಅಮೆರಿಕದ ನೌಕಾವಿಮಾನಗಳ ಮೇಲಿನ ರೆಕ್ಕೆಗೆ ಅಚ್ಚ ಹಳದಿ ಬಳಿಯುತ್ತಿದ್ದರು. ಅಂದಕ್ಕಲ್ಲ, ವಿಮಾನ ಕಡಲಿಗೆ ಬಿದ್ದರೆ ಹುಡುಕಿ ಬರುವವರಿಗೆ ಮೇಲಿನಿಂದ ಕಾಣಲಿ ಎಂದು. ಆ ಹಳದಿಯಲ್ಲಿ ಒಬ್ಬ ಮನುಷ್ಯನ ಜೀವದ ಆಸೆಯಿದೆ.

ಅಂಕಿಗಳಲ್ಲಿಯೂ ಹಾಗೆಯೇ. ಗ್ರಮ್ಮನ್ ಕಂಪೆನಿಯ ಎಫ್3ಎಫ್ ಎಂಬುದು ಅಮೆರಿಕದ ಪಡೆಗಳಿಗೆ ಸಂದ ಕೊನೆಯ ಜೋಡಿರೆಕ್ಕೆಯ ಕಾಳಗದ ವಿಮಾನ. ಅದರ ಮೊದಲ ಮಾದರಿ 1935ರ ಮಾರ್ಚ್ 22ರಂದು ಕಡಿದಾದ ಧುಮುಕಿನ ಪರೀಕ್ಷೆಯಲ್ಲಿ ಮುರಿದುಬಿದ್ದು ಜಿಮ್ಮಿ ಕಾಲಿನ್ಸ್ ಎಂಬ ಚಾಲಕ ಸತ್ತ. ಎರಡನೆಯ ಮಾದರಿಯೂ ಬಿತ್ತು. ಅದರ ಚಾಲಕ ಕೊಡೆಯ ನೆರವಿನಿಂದ ಉಳಿದ. ಮೂರನೆಯದು ಪರೀಕ್ಷೆಯಲ್ಲಿ ಗೆದ್ದಿತು. “ಮೂರು ಮಾದರಿಗಳು” ಎಂದು ಪುಸ್ತಕದಲ್ಲಿ ಒಂದು ಸಾಲು ಬರುತ್ತದೆ. ಆ ಮೂರರಲ್ಲಿ ಒಂದು, ಒಬ್ಬ ಮನುಷ್ಯನ ಸಾವು. ಅದನ್ನು ಎರಡು ಎಂದು ಬರೆದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಒಬ್ಬನು ಲೆಕ್ಕದಿಂದ ಹೋಗುತ್ತಾನೆ.

ಈಗ ನನ್ನ ಪ್ರಶ್ನೆಯ ಮುಳ್ಳಿಗೆ ಬರುತ್ತೇನೆ. 1940ರ ಜೂನ್ 11ರಂದು ಇಟಲಿಯ ವಿಮಾನಗಳು ಮಾಲ್ಟಾ ದ್ವೀಪದ ಮೇಲೆ ಬಾಂಬು ಸುರಿಯತೊಡಗಿದುವು. ದ್ವೀಪದ ಬಳಿ ಕಾಳಗದ ವಿಮಾನಗಳೇ ಇರಲಿಲ್ಲ; ಇದ್ದುದು ನೌಕಾಪಡೆಯವರು ಪೆಟ್ಟಿಗೆಗಳಲ್ಲಿ ಬಿಟ್ಟುಹೋಗಿದ್ದ ಸೀ ಗ್ಲ್ಯಾಡಿಯೇಟರುಗಳು. ಅವನ್ನು ಬಿಚ್ಚಿ ಜೋಡಿಸಿ, ಕಾಳಗದ ವಿಮಾನ ನಡೆಸಿ ಅಭ್ಯಾಸವಿಲ್ಲದ ಕೆಲವರು ಮೇಲೇರಿದರು. ಮೊದಲು ಮುಂದೆ ಬಂದವರಲ್ಲಿ ಜಾರ್ಜ್ ಬರ್ಜಸ್ ಎಂಬವನು ವಾಯುಪಡೆಯ ಅಧಿಕಾರಿಯ ಆಪ್ತಸಹಾಯಕನಾಗಿದ್ದವನು. ಲೋಕಕ್ಕೆ ತಿಳಿದ ಕತೆ ಇದು: ಮೂರೇ ಮೂರು ವಿಮಾನ, ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಅವುಗಳ ಹೆಸರು, ಅವು ಮೂರೇ ಸೇರಿ ಒಂದು ಸಾಮ್ರಾಜ್ಯದ ವಾಯುಪಡೆಯನ್ನು ತಡೆದುವು. 1943ರ ಸೆಪ್ಟೆಂಬರ್ 3ರಂದು ‘ನಂಬಿಕೆ’ ಎಂಬುದರ ಒಡಲನ್ನು ಮಾಲ್ಟಾದ ಜನಕ್ಕೆ ಒಪ್ಪಿಸಿದರು. ಅದು ವಲೆಟ್ಟಾ ನಗರದ ಯುದ್ಧ ಸಂಗ್ರಹಾಲಯದಲ್ಲಿದೆ.

ಸುಂದರವಾದ ಕತೆ. ಆದರೆ ದಾಖಲೆಗಳನ್ನು ಶೋಧಿಸಿದ ಲೇಖಕರು, ಒಂದೊಂದು ವಿಮಾನದ ಅಂಕಿಯನ್ನೂ ಹಿಡಿದು ನೋಡಿ, ಹಾರಿದ್ದು ಮೂರಕ್ಕಿಂತ ಹೆಚ್ಚು ಎಂದು ಕಂಡುಕೊಂಡರು. ಎಲ್ಲವೂ ಏಕಕಾಲಕ್ಕಲ್ಲ, ಒಂದು ಕೆಟ್ಟಾಗ ಇನ್ನೊಂದು, ಒಂದರ ಅಂಗ ಮತ್ತೊಂದಕ್ಕೆ. ಜೂನ್ ಕೊನೆಯ ಹೊತ್ತಿಗೆ ಹರಿಕೇನುಗಳೂ ಬಂದಿದ್ದುವು. ಆ ಮೂರು ಹೆಸರುಗಳಾದರೋ ಕಾಳಗದ ದಿನಗಳಲ್ಲಿ ಇದ್ದಂತಿಲ್ಲ, ಆಮೇಲೆ ಅಂಟಿಕೊಂಡವು ಎಂದೂ ಅವರು ತೋರಿಸಿದರು. ಅಷ್ಟಕ್ಕೇ ನಿಲ್ಲದೆ ಇಟಲಿಯ ದಾಖಲೆಗಳನ್ನೂ ತೆಗೆದು ಎದುರುಬದುರು ಇಟ್ಟರು. ನಾವು ಇಷ್ಟು ಕೆಡವಿದೆವು ಎಂದು ಒಂದು ಕಡೆಯವರು ಬರೆದುದಕ್ಕೂ ನಮ್ಮದು ಇಷ್ಟು ಬಿದ್ದಿತು ಎಂದು ಇನ್ನೊಂದು ಕಡೆಯವರು ಬರೆದುದಕ್ಕೂ ತಾಳೆಯಾಗುವುದು ಅಪರೂಪ. ಯುದ್ಧದ ಸತ್ಯ ತಿಳಿಯಬೇಕಾದರೆ ಶತ್ರುವಿನ ಮನೆಯ ಲೆಕ್ಕವನ್ನೂ ಓದಬೇಕು. ಈ ಒಂದು ಮಾತನ್ನು ಕಲಿಸಿದ್ದಕ್ಕಾದರೂ ಈ ಹಳೆಯ ವಿಮಾನಗಳಿಗೆ ನಾನು ಋಣಿ.

ನನ್ನ ಹಸ್ತಪ್ರತಿಯನ್ನು ನೋಡಿದ ಒಬ್ಬ ಪ್ರಕಾಶಕರು ಪ್ರೀತಿಯಿಂದಲೇ ಹೇಳಿದರು: “ಮೂರು ಅಂತಲೇ ಇರಲಿ ಮೇಷ್ಟ್ರೆ. ಎಷ್ಟು ಚೆನ್ನಾಗಿದೆ! ಚಳ್ಳಕೆರೆಯಲ್ಲಿ ಕೂತು ಮಾಲ್ಟಾದ ಲೆಕ್ಕ ಯಾರು ಕೇಳ್ತಾರೆ? ಮಕ್ಕಳಿಗೆ ಸ್ಫೂರ್ತಿ ಬರಬೇಕು, ಅಷ್ಟೆ. ಅಡಿಟಿಪ್ಪಣಿಯನ್ನೆಲ್ಲ ತೆಗೆದು ಕತೆ ಮಾಡಿಕೊಡಿ, ಸಾವಿರ ಪ್ರತಿ ನಾನೇ ಹಾಕ್ತೇನೆ.” ಹಾಗೆ ಮಾಡದಿದ್ದರೆ ನನ್ನ ಪಿಂಚಣಿಯ ಉಳಿತಾಯದಿಂದ ಮುನ್ನೂರು ಪ್ರತಿ ನಾನೇ ಹಾಕಿಸಬೇಕು. ಅದೇ ಹಣದಲ್ಲಿ ಎರಡು ಬಡ ಮಕ್ಕಳ ಒಂದು ವರ್ಷದ ಓದು ನಡೆಯುತ್ತದೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ.

ಪ್ರಕಾಶಕರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಬಾಂಬಿನ ಕೆಳಗೆ ನೆಲಮಾಳಿಗೆಗಳಲ್ಲಿ ಕೂತ ಜನಕ್ಕೆ ಮೇಲೆ ಹಾರುವ ಪುಟ್ಟ ವಿಮಾನಗಳು ಧೈರ್ಯ ಕೊಟ್ಟುವು. ಆ ಧೈರ್ಯ ಸುಳ್ಳಲ್ಲ. ಕಷ್ಟಕಾಲದಲ್ಲಿ ಕತೆ ಅನ್ನದಂತೆ. ಆದರೆ ಕಷ್ಟ ಕಳೆದ ಮೇಲೆ? ಮೂರು ಎಂಬ ಚೆಲುವಾದ ಅಂಕಿ ಯಾರನ್ನು ಹೊರಗೆ ಬಿಟ್ಟಿತೆಂದು ನೋಡಿ. ನಾಲ್ಕನೆಯ, ಐದನೆಯ ವಿಮಾನವನ್ನು ಹತ್ತಿದವರನ್ನು ಬಿಟ್ಟಿತು. ರಾತ್ರಿಯೆಲ್ಲ ಕೂತು ಮುರಿದ ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸಿದ ಕಮ್ಮಾರ ಕೈಗಳನ್ನು ಬಿಟ್ಟಿತು. ಜುಲೈ ಕೊನೆಯಲ್ಲಿ ಉರಿಯುವ ವಿಮಾನದಿಂದ ಹಾರಿ, ಮೈಯೆಲ್ಲ ಸುಟ್ಟುಕೊಂಡು ಬದುಕಿದ ಪೀಟರ್ ಹಾರ್ಟ್ಲಿಯನ್ನು ಬರಿಯ ಒಂದು ಹೆಸರಿನ ನಷ್ಟವನ್ನಾಗಿ ಮಾಡಿತು. ಕತೆಗೆ ನಾಯಕರು ಬೇಕು, ಜನ ಬೇಡ. ಲೆಕ್ಕಕ್ಕೆ ಪ್ರತಿಯೊಬ್ಬನೂ ಬೇಕು. ಸ್ಫೂರ್ತಿಗೋಸ್ಕರ ಅಂಕಿಯನ್ನು ತಿದ್ದುವವನು ಸತ್ತವರ ಜೇಬಿನಿಂದ ತೆಗೆದು ಬದುಕಿರುವವರಿಗೆ ದಾನಮಾಡುತ್ತಾನೆ.

ಇನ್ನೊಂದು ಆಕ್ಷೇಪವಿದೆ, ಅದು ಹೆಚ್ಚು ಗಟ್ಟಿಯಾದುದು. ಇವು ಕೊಲ್ಲುವ ಯಂತ್ರಗಳು. ಇವುಗಳ ತಂತಿಯನ್ನೂ ಬಣ್ಣವನ್ನೂ ಪ್ರೀತಿಯಿಂದ ಬಣ್ಣಿಸುವುದು ಹಿಂಸೆಯ ಶೃಂಗಾರವಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಬಹು ದೂರ ಹೋಗಬೇಕಾಗಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆರೆಯ ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯನ್ನು ಜನ ಅಕ್ಷರಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡಿ ಹೂಡಿ ಅಕ್ಷರ ಸವೆದುಹೋಗಿದೆ. ಸವೆದ ಕಡೆ ಏನಿತ್ತೆಂಬುದನ್ನು ವಿದ್ವಾಂಸರು ಉಳಿದ ಎರಡು ಬಂಡೆಗಳನ್ನು ನೋಡಿ ತಿಳಿದರು. ತಾಳೆ ನೋಡುವ ಕೆಲಸವೆಂದರೆ ಇದೇ.

ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿಡಬೇಕು, ನಿಜವನ್ನೇ ನುಡಿಯಬೇಕು ಎಂದು ನಮ್ಮ ಬಂಡೆಗಳಲ್ಲಿ ವಿಧಿಸಿದ ಆ ದೊರೆಯೇ, ಬೇರೆ ಕಡೆ ಕೆತ್ತಿಸಿದ ಹದಿಮೂರನೆಯ ಶಾಸನದಲ್ಲಿ ಕಳಿಂಗದ ಲೆಕ್ಕವನ್ನು ಕೊಟ್ಟಿದ್ದಾನೆ: ಸೆರೆಯಾಗಿ ಸಾಗಿಸಲ್ಪಟ್ಟವರು ಒಂದೂವರೆ ಲಕ್ಷ, ಹತರಾದವರು ಒಂದು ಲಕ್ಷ. ದುಂಡಾದ ಅಂಕಿಗಳು ಅವು, ಆದರೂ ಅಂಕಿಗಳು. ಪಶ್ಚಾತ್ತಾಪವೂ ಎಣಿಕೆಯಿಂದಲೇ ತೊಡಗಬೇಕಾಯಿತು. ಎಣಿಸದವನಿಗೆ ಯುದ್ಧವೆಂದರೆ ಡೋಲು, ಬಾವುಟ. ಎಣಿಸಿದವನಿಗೆ ಅದು ಹೆಣ. ಯುದ್ಧದ ಯಂತ್ರವನ್ನು ನಿಖರವಾಗಿ ಬಣ್ಣಿಸುವುದು ಯುದ್ಧವನ್ನು ಹೊಗಳುವುದಲ್ಲ. ಮಸುಕಾಗಿ ಬಣ್ಣಿಸುವುದೇ ಹೊಗಳಿಕೆಗೆ ದಾರಿ. ಹಾಗೆಂದು ಆ ವಿಮಾನದ ಚೆಲುವಿಗೆ ನಾನು ಮರುಳಾಗಿಲ್ಲವೆಂದು ಹೇಳಲಾರೆ. ಕತ್ತಿಯ ಹಿಡಿಕೆಯ ಕುಸುರಿಯನ್ನು ಮೆಚ್ಚುವ ಕಣ್ಣು ಅಲಗನ್ನು ಮರೆಯದಿರಲಿ ಎಂದಷ್ಟೇ ನನ್ನ ನಿಯಮ.

ಆ ಶಾಸನಗಳಲ್ಲಿ ಇನ್ನೂ ಎರಡು ವಿಷಯಗಳಿವೆ. ಒಂದು, 256 ಎಂಬ ಅಂಕಿ. ಅದು ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷಗಳೆಂದು ಕೆಲವು ಪಂಡಿತರು ತಿಳಿದರು. ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಆಮೇಲಿನವರು ನಿರ್ಣಯಿಸಿದರು. ಒಂದು ಸಣ್ಣ ಅಂಕಿಯ ಅರ್ಥದ ಮೇಲೆ ಬುದ್ಧನ ಕಾಲವೇ ತೂಗಾಡಿತು. ಯಾವ ಸತ್ಯ ಸಣ್ಣದು, ಯಾವುದು ದೊಡ್ಡದು ಎಂದು ಮೊದಲೇ ಹೇಳಲು ನಮಗೆ ಅಧಿಕಾರವಿಲ್ಲ. ಇನ್ನೊಂದು, ಬರೆದವನ ಸಹಿ. ಚಪಡನೆಂಬ ಲಿಪಿಕಾರ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ತನ್ನ ಕಸುಬಿನ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಅದು ಗಾಂಧಾರದ ಕಡೆಯ, ಬಲದಿಂದ ಎಡಕ್ಕೆ ಓಡುವ ಲಿಪಿ. ಮೊಳಕಾಲ್ಮೂರಿನ ಸೀಮೆಯಲ್ಲಿ ಅದನ್ನು ಓದಬಲ್ಲವರು ಆಗ ಇದ್ದಿರಲಾರರು. ಯಾರಿಗಾಗಿ ಬರೆದ? ಓದುಗನು ಎರಡು ಸಾವಿರ ವರ್ಷ ತಡವಾಗಿ ಬಂದ. ಬಂದಾಗ ಅಕ್ಷರ ಅಲ್ಲಿತ್ತು. ನನ್ನ ಮುನ್ನೂರು ಪ್ರತಿಯ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಅಭಯ ಬೇಕಾಗಿಲ್ಲ.

ಆದರೆ ಮೂರನೆಯ ಆಕ್ಷೇಪಕ್ಕೆ ಇಷ್ಟು ಸಲೀಸಾದ ಉತ್ತರವಿಲ್ಲ. ಕಣ್ಣ ಮುಂದಿನದನ್ನು ಬಿಟ್ಟು ಕಡಲಾಚೆಯ ಲೆಕ್ಕ ಏಕೆ ಎಂಬುದು ಅದು. ಚಳ್ಳಕೆರೆಯ ಬಳಿ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕ್ಷೇತ್ರ 2017ರಲ್ಲಿ ಆರಂಭವಾಯಿತು. ಚಾಲಕನಿಲ್ಲದ ವಿಮಾನಗಳು ಅಲ್ಲಿಂದ ಹಾರಿದುವು. ಅಂಥದೊಂದು 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. ಇನ್ನೊಂದು 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ, ಇಸ್ರೋದವರು ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟು ಅಲ್ಲಿ ತಾನಾಗಿ ಇಳಿಯುವಂತೆ ಮಾಡಿದರು. ಇವುಗಳ ಅಂಕಿಗಳನ್ನು ಬರೆದಿಡುವವರು ಹುಟ್ಟಿಯೇ ಹುಟ್ಟುತ್ತಾರೆ. ಯಂತ್ರಕ್ಕೆ ಚರಿತ್ರಕಾರರ ಬರವಿಲ್ಲ.

ಆ ಯಂತ್ರದ ಕೆಳಗಿನ ನೆಲದ ಚರಿತ್ರೆ? ಅದು ಅಮೃತಮಹಲ್ ಕಾವಲು. ಮೈಸೂರಿನ ದೊರೆಗಳ ದಂಡಿಗೆ ಸಾಮಾನು, ಫಿರಂಗಿ ಎಳೆಯುತ್ತಿದ್ದ ಎತ್ತುಗಳ ಮೇವಿಗಾಗಿ ಇಟ್ಟ ಹುಲ್ಲುಗಾವಲು. ನೋಡಿದರೆ ಅದೂ ಯುದ್ಧದ ಕೂಸೇ. ದಂಡು ಹೋದ ಮೇಲೆ ಹುಲ್ಲು ಉಳಿಯಿತು. ಕುರಿ ದನಗಳು, ಅವನ್ನು ನಂಬಿದ ಜನ ಉಳಿದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದರಲ್ಲಿ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹೋಯಿತು. ವ್ಯಾಜ್ಯ ಹಸಿರು ನ್ಯಾಯಮಂಡಳಿಯ ವರೆಗೂ ನಡೆಯಿತು. ದೇಶಕ್ಕೆ ವಿಜ್ಞಾನ ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಯಾವ ಹಟ್ಟಿಯ ಎಷ್ಟು ಕುರಿ ಯಾವ ಜಾಡಿನಲ್ಲಿ ನಡೆದು ಎಲ್ಲಿ ನೀರು ಕುಡಿಯುತ್ತಿದ್ದುವು ಎಂಬುದನ್ನು, ನಾನು ಗ್ಲ್ಯಾಡಿಯೇಟರಿನ ಅಂಕಿಗಳನ್ನು ಹುಡುಕಿದಷ್ಟು ಶ್ರದ್ಧೆಯಿಂದ ಬರೆದಿಟ್ಟವರು ಎಷ್ಟು ಮಂದಿ? ಹಾಗೆ ದುಡಿದವರು ಇಲ್ಲದೆ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಹಾಡು ಅವರ ನಾಲಗೆಯ ಮೇಲಿದ್ದುವು. ಕೃಷ್ಣಮೂರ್ತಿ ಹನೂರರು ಅವನ್ನು ಕೂತು ಕೇಳಿ ಬರೆದುಕೊಳ್ಳದಿದ್ದರೆ ಆ ಅಜ್ಜಿಯೊಂದಿಗೆ ಒಂದು ಭಂಡಾರವೇ ಮಣ್ಣಾಗುತ್ತಿತ್ತು.

ಆದ್ದರಿಂದ ಮೂರನೆಯ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಸಾಲವೆಂದು ಒಪ್ಪಿಕೊಳ್ಳುತ್ತೇನೆ. ಸಣ್ಣ ಸತ್ಯದ ಅಭ್ಯಾಸವನ್ನು ಮನುಷ್ಯ ತನಗೆ ಒಲಿದ ವಸ್ತುವಿನಿಂದಲೇ ಕಲಿಯುತ್ತಾನೆ. ಒಬ್ಬನಿಗೆ ಅದು ಹಳೆಗನ್ನಡ ಕಾವ್ಯದ ಪಾಠಾಂತರ, ಒಬ್ಬನಿಗೆ ಸೀರೆಯ ಎಳೆ, ನನಗೆ ಜೋಡಿರೆಕ್ಕೆಯ ವಿಮಾನ. ಒಲವಿಗೆ ಕಾರಣ ಕೇಳಬಾರದು. ಆದರೆ ಅಲ್ಲಿ ಕಲಿತ ನಿಖರತೆ ಅಲ್ಲಿಯೇ ಉಳಿದರೆ ಅದು ಅಂಚೆಚೀಟಿ ಕೂಡಿಡುವ ಚಟದಂತೆಯೇ ಸರಿ. ಕಲಿತ ಕಣ್ಣು ನೆರೆಯವನ ಕಡೆಗೂ ತಿರುಗಿದಾಗ ಅದು ಧರ್ಮವಾಗುತ್ತದೆ. ಮಾಲ್ಟಾದ ನಾಲ್ಕನೆಯ ವಿಮಾನವನ್ನು ಲೆಕ್ಕದಿಂದ ಬಿಡಲಾರದವನು ಕಾವಲಿನ ನಾಲ್ಕನೆಯ ಹಟ್ಟಿಯನ್ನೂ ಬಿಡಲಾರದವನಾಗಬೇಕು.

ಎರಡು ಮಕ್ಕಳ ಓದಿನ ಹಣದ ಮಾತು ಉಳಿದಿದೆ. ಅದನ್ನು ಯಾವ ತರ್ಕದಿಂದಲೂ ನಾನು ಪೂರ್ತಿಯಾಗಿ ತೀರಿಸಲಾರೆ. ಹಸಿದವನಿಗೆ ಪುಸ್ತಕ ಅನ್ನವಲ್ಲ. ಹಾಗೆಂದು ಹಸಿವು ತೀರುವ ತನಕ ಯಾರೂ ಏನನ್ನೂ ಬರೆದಿಡಬಾರದೆಂದರೆ ಚಪಡನು ಉಳಿ ಎತ್ತುತ್ತಿರಲಿಲ್ಲ. ಉಳಿತಾಯವನ್ನು ಎರಡು ಪಾಲು ಮಾಡಿದ್ದೇನೆ. ಒಂದು ಪಾಲು ಶಾಲೆಗೆ, ಒಂದು ಪಾಲು ಅಚ್ಚಿಗೆ. ಮುನ್ನೂರು ಪ್ರತಿ ಇನ್ನೂರಾಗುತ್ತದೆ. ಆ ಇನ್ನೂರರಲ್ಲಿಯೂ ವಿಮಾನಗಳು ಮೂರಕ್ಕಿಂತ ಹೆಚ್ಚೇ ಇರುತ್ತವೆ. ಅದು ಮುಗಿದ ಮೇಲೆ ಎತ್ತಿಕೊಳ್ಳಬೇಕಾದ ಇನ್ನೊಂದು ನೋಟುಬುಕ್ಕನ್ನು ಈಗಾಗಲೇ ತಂದಿಟ್ಟಿದ್ದೇನೆ. ಅದರ ಮೊದಲ ಪುಟದಲ್ಲಿ ಕಾವಲಿನ ಸುತ್ತಲ ಹಟ್ಟಿಗಳ ಹೆಸರುಗಳಿವೆ.